ರೋಗಿಗೆ ಕಾಣದ ಜಾಹೀರಾತು: ಡಾಕ್ಟರ ಮುಂದೆ ಔಷಧ ಕಂಪನಿಗಳು ಹೇಳುವುದು ಎಷ್ಟು ನಿಜ?

ಉಪ್ಪಳದಿಂದಲೋ ಮಂಜೇಶ್ವರದಿಂದಲೋ ಬೆಳಗ್ಗಿನ ಬಸ್ಸು ಹಿಡಿದು, ತಲಪಾಡಿ ದಾಟಿ, ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಲು ಹೋದವರಿಗೆ ಈ ದೃಶ್ಯ ಹೊಸತಲ್ಲ. ಟೋಕನ್ ಹಿಡಿದು ಬೆಂಚಿನಲ್ಲಿ ಕೂತಿರುತ್ತೇವೆ. ನಮ್ಮ ನಂಬರಿಗೆ ಇನ್ನು ನಾಲ್ಕೇ ಮಂದಿ ಅನ್ನುವಾಗ ಇಸ್ತ್ರಿ ಹಾಕಿದ ಅಂಗಿ, ಟೈ, ಭುಜದಲ್ಲಿ ದೊಡ್ಡ ಕಪ್ಪು ಬ್ಯಾಗಿನ ಯುವಕರೊಬ್ಬರು ಬರುತ್ತಾರೆ. ಕಾಂಪೌಂಡರ್ ತಲೆ ಆಡಿಸಿದ ಕೂಡಲೇ ಒಳಗೆ ಹೋಗುತ್ತಾರೆ. ಹೆಚ್ಚೆಂದರೆ ಐದು ನಿಮಿಷ. "ಮೆಡಿಕಲ್ ರೆಪ್ ಅದು" ಅಂತ ಪಕ್ಕದವರು ಹೇಳುತ್ತಾರೆ. ನಾವು ಸ್ವಲ್ಪ ಗೊಣಗುತ್ತೇವೆ, ಅಲ್ಲಿಗೆ ಮುಗಿಯಿತು.

ಆ ಐದು ನಿಮಿಷದಲ್ಲಿ ಒಳಗೆ ನಡೆದದ್ದು ಒಂದು ಜಾಹೀರಾತು. ಸೋಪಿನದ್ದು, ಚಿನ್ನದಂಗಡಿಯದ್ದು ನಮ್ಮ ಕಣ್ಣೆದುರೇ ಬರುತ್ತದೆ. ಬೇಕಾದರೆ ನಂಬಬಹುದು, ಬೇಡವಾದರೆ ನಗಬಹುದು. ಇದು ಹಾಗಲ್ಲ. ಇಲ್ಲಿ ಆರಿಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಮಾತ್ರೆ ನುಂಗುವವರು ಆ ಇನ್ನೊಬ್ಬರೇ. ಜಾಹೀರಾತು ಮಾತ್ರ ಆರಿಸುವವರಿಗೆ ತಲುಪುತ್ತದೆ. ಅದರಲ್ಲಿ ಏನು ಹೇಳಿದರು, ಅದು ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ರೋಗಿಗೆ ಇಲ್ಲ.

ಕಾನೂನು ತೆರೆದಿಟ್ಟ ಬಾಗಿಲು

ಭಾರತದಲ್ಲಿ ಔಷಧದ ಜಾಹೀರಾತಿಗೆ ಕಡಿವಾಣ ಇಲ್ಲವೆಂದಲ್ಲ. 1954ರ 'ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ' ಸಕ್ಕರೆ ಕಾಯಿಲೆ, ಕ್ಯಾನ್ಸರ್, ಅಪಸ್ಮಾರ ಮುಂತಾದ ಪಟ್ಟಿ ಮಾಡಿದ ರೋಗಗಳನ್ನು ಗುಣಪಡಿಸುತ್ತೇವೆ ಅಂತ ಸಾರ್ವಜನಿಕರಿಗೆ ಜಾಹೀರಾತು ಕೊಡುವುದನ್ನು ತಡೆಯುತ್ತದೆ. ಗೋಡೆ ಬರಹ, ಕರಪತ್ರ, ಪತ್ರಿಕೆ ಎಲ್ಲವೂ ಅದರೊಳಗೆ ಬರುತ್ತದೆ. ಆದರೆ ಅದೇ ಕಾಯ್ದೆಯ 14ನೇ ಸೆಕ್ಷನ್ ಒಂದು ವಿನಾಯಿತಿ ಕೊಟ್ಟಿದೆ. ನೋಂದಾಯಿತ ವೈದ್ಯರಿಗೆ ಗೋಪ್ಯವಾಗಿ ಕಳುಹಿಸುವ ಜಾಹೀರಾತಿಗೆ ಈ ನಿಷೇಧ ಅನ್ವಯಿಸದು. ವೈದ್ಯರು ಓದಿದವರು, ಸುಳ್ಳನ್ನೂ ನಿಜವನ್ನೂ ಬೇರ್ಪಡಿಸಬಲ್ಲರು ಎಂಬ ನಂಬಿಕೆ ಅದರ ಹಿಂದೆ ಇದೆ. ನಂಬಿಕೆ ಕೆಟ್ಟದ್ದಲ್ಲ. ಅದು ಎಷ್ಟರ ಮಟ್ಟಿಗೆ ನಿಂತಿದೆ ಅನ್ನುವುದನ್ನು ಕಳೆದ ಅರವತ್ತು ಎಪ್ಪತ್ತು ವರ್ಷಗಳ ದಾಖಲೆಗಳೇ ಹೇಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲಿ ಔಷಧ ಪ್ರಚಾರಕ್ಕೆ ನೈತಿಕ ಮಾನದಂಡಗಳನ್ನು ಪ್ರಕಟಿಸಿತು. ವೈದ್ಯರಿಗೆ ಕೊಡುವ ಜಾಹೀರಾತಿನಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆ ಮೂಲ ಔಷಧದ ಹೆಸರು, ಒಪ್ಪಿಗೆ ಸಿಕ್ಕಿದ ಉಪಯೋಗ, ಪ್ರಮಾಣ, ಅಡ್ಡ ಪರಿಣಾಮ, ಯಾರಿಗೆ ಕೊಡಬಾರದು, ಬೇರೆ ಯಾವ ಔಷಧದ ಜೊತೆ ಹೊಂದುವುದಿಲ್ಲ, ಇವೆಲ್ಲ ಇರಬೇಕು ಎಂಬುದು ಅದರ ಸಾರ. ಸಲಹೆ ಮಾತ್ರ, ಕಾನೂನಲ್ಲ.

ಆ ಬ್ಯಾಗಿನಲ್ಲಿ ಏನುಂಟು?

ಈ ಕೆಲಸಕ್ಕೆ ಕಂಪನಿಗಳ ಭಾಷೆಯಲ್ಲಿ 'ಡಿಟೇಲಿಂಗ್' ಎಂದು ಹೆಸರು. ರೆಪ್ ಕೈಯಲ್ಲಿ ಬಣ್ಣಬಣ್ಣದ 'ವಿಷುವಲ್ ಏಡ್' ಇರುತ್ತದೆ. ಈಗೀಗ ಅದು ಟ್ಯಾಬ್ ಆಗಿದೆ. ಒಂದೊಂದು ಬ್ರ್ಯಾಂಡಿಗೆ ಒಂದು ಪುಟ, ಒಂದು ಘೋಷವಾಕ್ಯ, ಒಂದು ಗ್ರಾಫ್, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಯಾವುದೋ ವೈದ್ಯಕೀಯ ಪತ್ರಿಕೆಯ ಹೆಸರು. ಕೆಲವೊಮ್ಮೆ ಅದೂ ಇಲ್ಲ, 'ಡಾಟಾ ಆನ್ ಫೈಲ್' ಅಂತ ಇರುತ್ತದೆ. ಅಂದರೆ ಪುರಾವೆ ನಮ್ಮ ಕಪಾಟಿನಲ್ಲಿದೆ, ನೀವು ನಂಬಿ ಎಂದರ್ಥ. ಜೊತೆಗೆ ಮೇಜಿನ ಮೇಲೆ ಬಿಟ್ಟು ಬರುವ ಚೀಟಿಗಳು, ಬ್ರ್ಯಾಂಡಿನ ಹೆಸರಿರುವ ಪೆನ್ನು, 'ಮಾರಾಟಕ್ಕಲ್ಲ' ಎಂದು ಮುದ್ರಿಸಿದ ಸ್ಯಾಂಪಲ್ ಪೊಟ್ಟಣಗಳು.

ಹೊರಗೆ ಬಂದ ಮೇಲೆ ಇನ್ನೊಂದು ಕೆಲಸ ಉಂಟು. ರೆಪ್ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ, ಈ ಡಾಕ್ಟರ್ ಈ ವಾರ ಯಾವ ಬ್ರ್ಯಾಂಡ್ ಎಷ್ಟು ಬರೆದರು ಅಂತ ವಿಚಾರಿಸುತ್ತಾರೆ. 'ಆರ್‌ಸಿಪಿಎ' ಅಂದರೆ ರೆಪ್‌ಗಳೆಲ್ಲರಿಗೂ ಗೊತ್ತು. ಅಂಗಡಿಯ ಲೆಕ್ಕದಿಂದ ಡಾಕ್ಟರ ಚೀಟಿಯ ಆಡಿಟ್ ಮಾಡುವುದಕ್ಕೆ ಹಾಗೆ ಹೇಳುತ್ತಾರೆ. ನಮ್ಮ ಊರಿನ ಎಷ್ಟೋ ಹುಡುಗರು ಬಿ.ಎಸ್ಸಿ., ಬಿ.ಫಾರ್ಮಾ ಮುಗಿಸಿ ಇದೇ ಕೆಲಸ ಮಾಡುತ್ತಿದ್ದಾರೆ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವರ ಪಾಡು ಏನೆಂದು ಮನೆಯವರಿಗೆ ಗೊತ್ತು. ಆದ್ದರಿಂದ ಇಲ್ಲಿ ರೆಪ್‌ಗಳನ್ನು ದೂರಿ ಪ್ರಯೋಜನವಿಲ್ಲ. ಅವರ ಬ್ಯಾಗ್ ತುಂಬಿಸುವವರು ಬೇರೆ.

ಇಲ್ಲದ ಡಾಕ್ಟರುಗಳ ಹೊಗಳಿಕೆ

ಹಳೆಯ ಕಥೆಯೊಂದನ್ನು ಹೇಳಲೇಬೇಕು. 1950ರ ದಶಕದಲ್ಲಿ ಅಮೆರಿಕದ ಫೈಜರ್ ಕಂಪನಿ ಸಿಗ್ಮಾಮೈಸಿನ್ ಎಂಬ ಆಂಟಿಬಯೋಟಿಕ್ ಮಾರುತ್ತಿತ್ತು. ವೈದ್ಯರಿಗೆ ಕಳುಹಿಸಿದ ಜಾಹೀರಾತಿನಲ್ಲಿ ಎಂಟು ಡಾಕ್ಟರುಗಳ ವಿಸಿಟಿಂಗ್ ಕಾರ್ಡುಗಳ ಚಿತ್ರವಿತ್ತು. ಹೆಚ್ಚು ಹೆಚ್ಚು ವೈದ್ಯರು ಇದನ್ನೇ ಆರಿಸುತ್ತಿದ್ದಾರೆ ಎಂಬುದು ಅದರ ಒಟ್ಟು ಮಾತು. 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯ ವಿಜ್ಞಾನ ಸಂಪಾದಕ ಜಾನ್ ಲಿಯರ್ ಆ ಎಂಟೂ ವಿಳಾಸಕ್ಕೆ ಪತ್ರ ಬರೆದರು. ಪತ್ರಗಳು ವಾಪಸ್ ಬಂದವು. ಟೆಲಿಗ್ರಾಂ ಕಳುಹಿಸಿದರು, ಅದೂ ತಲುಪಲಿಲ್ಲ. ಫೋನ್ ಮಾಡಿದರು, ಅಂಥ ನಂಬರೇ ಇರಲಿಲ್ಲ. ಎಂಟು ಡಾಕ್ಟರುಗಳಲ್ಲಿ ಒಬ್ಬರೂ ಭೂಮಿ ಮೇಲೆ ಇರಲಿಲ್ಲ! 1959ರ ಜನವರಿಯಲ್ಲಿ ಲಿಯರ್ ಇದನ್ನು ಬರೆದರು.

ಆ ಜಾಹೀರಾತು ಮಾಡಿದ ಏಜೆನ್ಸಿ ಆರ್ಥರ್ ಸ್ಯಾಕ್ಲರ್ ಅವರದ್ದು. ಸ್ವತಃ ಮನೋವೈದ್ಯರಾಗಿದ್ದ ಇವರನ್ನು ಆಧುನಿಕ ಔಷಧ ಜಾಹೀರಾತಿನ ಮೂಲಪುರುಷ ಎನ್ನುತ್ತಾರೆ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಆ ಮನೆತನ ಮತ್ತೆ ಬರುತ್ತದೆ.

ಲಿಯರ್ ಬರಹದ ನಂತರ ಸೆನೆಟರ್ ಎಸ್ಟೆಸ್ ಕೆಫಾವರ್ ವಿಚಾರಣೆ ಶುರು ಮಾಡಿದರು. ಅದರಲ್ಲಿ ಹೊರಬಂದ ಒಂದು ವಿಷಯ ಇನ್ನೂ ಕೆಟ್ಟದಾಗಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ಆಂಟಿಬಯೋಟಿಕ್ ವಿಭಾಗದ ಮುಖ್ಯಸ್ಥರಾಗಿದ್ದ ಹೆನ್ರಿ ವೆಲ್ಚ್ ವೈದ್ಯಕೀಯ ಪತ್ರಿಕೆಗಳ ಸಂಪಾದಕರೂ ಆಗಿದ್ದರು. ಆ ಪತ್ರಿಕೆಗಳಿಗೆ ದುಡ್ಡು ಬರುತ್ತಿದ್ದದ್ದು ಔಷಧ ಕಂಪನಿಗಳಿಂದ. ಅದರಿಂದ ವೆಲ್ಚ್ ಅವರ ಜೇಬಿಗೆ ಸೇರಿದ್ದು 2,87,142 ಡಾಲರ್. 1960ರಲ್ಲಿ ಅವರು ರಾಜೀನಾಮೆ ಕೊಟ್ಟರು. ಕಾವಲುಗಾರನೇ ಅಂಗಡಿಯಲ್ಲಿ ಪಾಲುದಾರ ಆದ ಹಾಗೆ. 1962ರಲ್ಲಿ ಬಂದ ಕೆಫಾವರ್–ಹ್ಯಾರಿಸ್ ತಿದ್ದುಪಡಿ ವೈದ್ಯರಿಗೆ ಕೊಡುವ ಜಾಹೀರಾತಿನಲ್ಲಿ ಅಡ್ಡ ಪರಿಣಾಮಗಳ ಸಾರಾಂಶ ಇರಲೇಬೇಕೆಂದು ಮಾಡಿತು. ಅಮೆರಿಕದ ವೈದ್ಯಕೀಯ ಪತ್ರಿಕೆಗಳ ಜಾಹೀರಾತಿನ ಜೊತೆ ಸಣ್ಣ ಅಕ್ಷರದ ವಿವರ ಇರುವುದು ಇದರಿಂದಲೇ.

ನಿಜವನ್ನು ಕತ್ತರಿಸುವ ವಿದ್ಯೆ

ಈಗ ಇಲ್ಲದ ಡಾಕ್ಟರನ್ನು ಸೃಷ್ಟಿಸುವಷ್ಟು ದಡ್ಡತನ ಯಾರೂ ಮಾಡುವುದಿಲ್ಲ. ಈಗಿನ ಜಾಹೀರಾತಿನಲ್ಲಿ ಶುದ್ಧ ಸುಳ್ಳು ಕಡಿಮೆ. ನಿಜವನ್ನೇ ಬೇಕಾದ ಅಳತೆಗೆ ಕತ್ತರಿಸಿ ಕೊಡುತ್ತಾರೆ.

ಲೆಕ್ಕ ನೋಡಿ. ಕೊಲೆಸ್ಟರಾಲ್ ಇಳಿಸುವ ಲಿಪಿಟಾರ್ ಮಾತ್ರೆ ಹೃದಯಾಘಾತದ ಅಪಾಯವನ್ನು ಶೇ. 36ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದಲ್ಲಿ ದೊಡ್ಡಕ್ಷರದ ಜಾಹೀರಾತು ಬಂದಿತ್ತು. ಕೇಳಿದವರಿಗೆ ಏನನ್ನಿಸುತ್ತದೆ? ನೂರು ಮಂದಿ ತೆಗೆದುಕೊಂಡರೆ 36 ಮಂದಿ ಬದುಕುತ್ತಾರೆ ಅಂತ. ಆದರೆ ಅದೇ ಜಾಹೀರಾತಿನ ಸಣ್ಣಕ್ಷರದಲ್ಲಿದ್ದ ಲೆಕ್ಕ ಬೇರೆ. ಸುಮಾರು ಮೂರು ವರ್ಷದ ಅಧ್ಯಯನದಲ್ಲಿ, ಔಷಧವಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡ ನೂರರಲ್ಲಿ 3 ಮಂದಿಗೆ ಹೃದಯಾಘಾತ ಆಯಿತು, ಲಿಪಿಟಾರ್ ತೆಗೆದುಕೊಂಡ ನೂರರಲ್ಲಿ 2 ಮಂದಿಗೆ. ಮೂರು ಎರಡಾದದ್ದನ್ನು ದಶಾಂಶ ಸೇರಿಸಿ ಶೇಕಡಾವಾರು ಮಾಡಿದರೆ 36. ಎರಡೂ ನಿಜವೇ. ನೂರು ಮಂದಿ ಮೂರು ವರ್ಷ ತಿಂದರೆ ಒಬ್ಬರಿಗೆ ಪ್ರಯೋಜನ ಎಂದರೆ ಮಾತ್ರೆ ಅಷ್ಟು ಮಾರಾಟ ಆಗಲಿಕ್ಕಿಲ್ಲ, ಅಷ್ಟೇ. (ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಆ ಅಧ್ಯಯನದಲ್ಲಿದ್ದವರು ಬಿ.ಪಿ. ಇದ್ದವರು, ಅದಕ್ಕೆ ಮೊದಲು ಹೃದಯಾಘಾತ ಆಗದವರು. ಒಮ್ಮೆ ಆದವರಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು.)

ಇಂಥ ಕತ್ತರಿ ಕೆಲಸ ಎಷ್ಟು ನಡೆಯುತ್ತದೆ ಎಂಬುದನ್ನು ಅಳೆದವರೂ ಉಂಟು. 1992ರಲ್ಲಿ 'ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕಾಗಿ ಹತ್ತು ಪ್ರಮುಖ ವೈದ್ಯಕೀಯ ಪತ್ರಿಕೆಗಳ 109 ಜಾಹೀರಾತುಗಳನ್ನು ಪರಿಣತರಿಗೆ ಓದಲು ಕೊಟ್ಟರು. ಬೇರೆ ಮಾಹಿತಿ ಇಲ್ಲದ ಡಾಕ್ಟರ್ ಇದನ್ನೊಂದನ್ನೇ ನಂಬಿದರೆ ತಪ್ಪಾಗಿ ಔಷಧ ಬರೆಯುವ ಸಾಧ್ಯತೆ ಶೇ. 44 ಜಾಹೀರಾತುಗಳಲ್ಲಿದೆ ಎಂದು ಅವರು ಹೇಳಿದರು. ಅದನ್ನು ಪ್ರಕಟಿಸಿದ್ದಕ್ಕೆ ಆ ಪತ್ರಿಕೆ ದೊಡ್ಡ ಮೊತ್ತದ ಔಷಧ ಜಾಹೀರಾತನ್ನು ಕಳೆದುಕೊಂಡಿತು. ಸ್ಪೇನಿನ ಸಂಶೋಧಕರು ಬಿ.ಪಿ. ಮತ್ತು ಕೊಲೆಸ್ಟರಾಲ್ ಔಷಧಗಳ ಜಾಹೀರಾತಿನ ಅಡಿಟಿಪ್ಪಣಿಗಳನ್ನು ಹಿಡಿದುಕೊಂಡು ಮೂಲ ಅಧ್ಯಯನಗಳನ್ನೇ ತೆರೆದು ನೋಡಿದರು. 2003ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ಪರಿಶೀಲಿಸಲು ಸಿಕ್ಕಿದ 102ರಲ್ಲಿ 45 ಕಡೆ ಮೂಲದಲ್ಲಿದ್ದದ್ದು ಜಾಹೀರಾತಿನ ಮಾತನ್ನು ಸಮರ್ಥಿಸುತ್ತಿರಲಿಲ್ಲ. ಹೆಚ್ಚಿನ ಕಡೆ ಆಗಿದ್ದದ್ದು ಇಷ್ಟು: ಅಧ್ಯಯನ ನಡೆದದ್ದು ಒಂದು ಬಗೆಯ ರೋಗಿಗಳ ಮೇಲೆ, ಘೋಷವಾಕ್ಯ ಹೇಳಿದ್ದು ಇನ್ನೊಂದು ಬಗೆಯವರಿಗೆ.

ಐದು ವಾಕ್ಯದ ಪತ್ರ

ಕತ್ತರಿಸಿದ ನಿಜ ಎಲ್ಲಿಯವರೆಗೆ ಮುಟ್ಟಬಹುದು ಎಂಬುದಕ್ಕೆ ಆಕ್ಸಿಕಾಂಟಿನ್ ಕಥೆಯಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ.

1980ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರಗಳ ಅಂಕಣದಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಅವರ ಐದೇ ವಾಕ್ಯದ ಒಂದು ಟಿಪ್ಪಣಿ ಬಂತು. ಆಸ್ಪತ್ರೆಯಲ್ಲಿ ದಾಖಲಾಗಿ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಮೊದಲೇ ಚಟ ಇಲ್ಲದವರಲ್ಲಿ ಹೊಸತಾಗಿ ಚಟ ಅಂಟಿದ್ದು ನಾಲ್ವರಿಗೆ ಮಾತ್ರ ಎಂಬುದು ಅದರ ಸಾರ. ಗಮನಿಸಿ, ಅವರೆಲ್ಲ ವಾರ್ಡಿನಲ್ಲಿ, ನರ್ಸ್ ಕಣ್ಣೆದುರು ಇದ್ದವರು. ಮನೆಗೆ ತಿಂಗಳುಗಟ್ಟಲೆ ಮಾತ್ರೆ ಕಟ್ಟಿಸಿಕೊಂಡು ಹೋದವರಲ್ಲ. ಪತ್ರ ಬರೆದವರು ಅದನ್ನು ಅಡಗಿಸಿಯೂ ಇರಲಿಲ್ಲ.

1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ತಂದಿತು. ಸ್ಯಾಕ್ಲರ್ ಸಹೋದರರು 1952ರಲ್ಲಿ ಕೊಂಡ ಕಂಪನಿ ಅದು. ಆರ್ಥರ್ 1987ರಲ್ಲೇ ತೀರಿಕೊಂಡಿದ್ದರು, ಕಂಪನಿ ಅವರ ಇಬ್ಬರು ತಮ್ಮಂದಿರ ಕುಟುಂಬಗಳ ಕೈಯಲ್ಲಿತ್ತು. ಕ್ಯಾನ್ಸರ್ ರೋಗಿಯ ಕೊನೆಗಾಲದ ನೋವಿಗೆ ಕೊಡುತ್ತಿದ್ದ ಬಗೆಯ ಔಷಧವನ್ನು ಬೆನ್ನುನೋವು, ಗಂಟುನೋವಿಗೂ ಬರೆಯಬಹುದು, ಚಟ ಅಂಟುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ ಎಂದು ರೆಪ್‌ಗಳು ಹೇಳಿಕೊಂಡು ಹೋದರು. ಈ ಪ್ರಚಾರದ ಉದ್ದಕ್ಕೂ ಆಧಾರವಾಗಿ ಓಡಾಡಿದ್ದು ಆ ಪತ್ರ. ವಾರ್ಡಿನ ಮಾತು ಬಿಟ್ಟುಹೋಗಿ 'ಚಟ ಅಪರೂಪ' ಎಂಬುದಷ್ಟೇ ಉಳಿಯಿತು. 2017ರಲ್ಲಿ ಅದೇ ಪತ್ರಿಕೆ ಲೆಕ್ಕ ತೆಗೆದಾಗ, ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳು ಸಿಕ್ಕಿದವು. ಅದರಲ್ಲಿ 439, ಅಂದರೆ ಶೇ. 72, ಚಟ ಅಪರೂಪ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದವು. ಅಂದರೆ ಜಾಹೀರಾತು ಮಾತ್ರವಲ್ಲ, ಪಾಠ ಹೇಳುವವರೂ ಮೂಲ ಓದಿರಲಿಲ್ಲ.

ಪ್ರಚಾರದ ಉಳಿದ ಭಾಗ ನಮಗೆ ಪರಿಚಿತವೇ. 1996ರಿಂದ 2001ರ ನಡುವೆ 40ಕ್ಕೂ ಹೆಚ್ಚು ಸಮ್ಮೇಳನಗಳು, ಪ್ರಯಾಣ, ಊಟ, ವಾಸ ಎಲ್ಲ ಕಂಪನಿ ಖರ್ಚು, 5,000ಕ್ಕೂ ಹೆಚ್ಚು ವೈದ್ಯರು, ಫಾರ್ಮಸಿಸ್ಟರು, ನರ್ಸ್‌ಗಳು. ಟೊಪ್ಪಿ, ಗೊಂಬೆ, ಹಾಡಿನ ಸಿ.ಡಿ. ಕೂಡ ಇತ್ತು. ರೋಗಿಗೆ ಮೊದಲ ಸಲ ಉಚಿತವಾಗಿ ಮಾತ್ರೆ ಸಿಗುವ ಕೂಪನ್ ಇತ್ತು. ಚಟದ ಔಷಧಕ್ಕೆ ಉಚಿತ ಕೂಪನ್! ಮಾರಾಟ 1996ರ 4.8 ಕೋಟಿ ಡಾಲರಿನಿಂದ 2000ಕ್ಕೆ ಸುಮಾರು 110 ಕೋಟಿ ಡಾಲರಿಗೆ ಏರಿತು. 2007ರಲ್ಲಿ ಪರ್ಡ್ಯೂ ಫ್ರೆಡರಿಕ್ ಕಂಪನಿ, ಔಷಧದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅದು ಮತ್ತು ಅದರ ಮೂವರು ಅಧಿಕಾರಿಗಳು ಸೇರಿ ಕೊಟ್ಟದ್ದು 63.45 ಕೋಟಿ ಡಾಲರ್. 2020ರಲ್ಲಿ ಪರ್ಡ್ಯೂ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಈ ಸಲದ ಆರೋಪಗಳಲ್ಲಿ ವೈದ್ಯರಿಗೆ ಭಾಷಣದ ಹೆಸರಿನಲ್ಲಿ ದುಡ್ಡು ಕೊಟ್ಟದ್ದೂ ಇತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಅಫೀಮು ಜಾತಿಯ ಔಷಧಗಳ ಮಿತಿಮೀರಿದ ಸೇವನೆಯಿಂದ ಸತ್ತವರ ಸಂಖ್ಯೆ ಲಕ್ಷಗಳಲ್ಲಿತ್ತು.

ನಮ್ಮಲ್ಲಿ ಆಗಲಿಲ್ಲವಲ್ಲ ಎಂದು ಸಮಾಧಾನ ಪಡುವಂತಿಲ್ಲ. ವಯೊಕ್ಸ್ ವಿಷಯ ನೋಡಿ. ಮೆರ್ಕ್ ಕಂಪನಿಯ ಈ ಗಂಟುನೋವಿನ ಮಾತ್ರೆ 1999ರಲ್ಲಿ ಬಂತು. ಹೊಟ್ಟೆಗೆ ಉರಿ ಕಮ್ಮಿ ಎಂಬುದು ಅದರ ಮಾತು, ಅದು ನಿಜವೂ ಹೌದು. ಆದರೆ 2000ದ ಅಧ್ಯಯನದಲ್ಲೇ ಹಳೆಯ ಮಾತ್ರೆ ನಾಪ್ರಾಕ್ಸೆನ್‌ಗಿಂತ ಇದರಲ್ಲಿ ಹೃದಯಾಘಾತ ನಾಲ್ಕೈದು ಪಟ್ಟು ಹೆಚ್ಚು ಕಂಡಿತ್ತು. ನಮ್ಮ ಮಾತ್ರೆ ಹೃದಯಕ್ಕೆ ಕೆಟ್ಟದ್ದಲ್ಲ, ನಾಪ್ರಾಕ್ಸೆನ್ ಹೃದಯಕ್ಕೆ ಒಳ್ಳೆಯದು ಎಂದು ಕಂಪನಿ ವಿವರಿಸಿತು. ಡಾಕ್ಟರುಗಳು ಕಷ್ಟದ ಪ್ರಶ್ನೆ ಕೇಳಿದಾಗ ತಪ್ಪಿಸಿಕೊಳ್ಳುವುದನ್ನು ಕಲಿಸಲು ರೆಪ್‌ಗಳಿಗೆ 'ಡಾಡ್ಜ್‌ಬಾಲ್ ವಯೊಕ್ಸ್' ಎಂಬ ಆಟದ ರೂಪದ ತರಬೇತಿ ಸಾಮಗ್ರಿ ಇತ್ತು ಎಂಬುದು ಮುಂದೆ ಅಮೆರಿಕದ ಸಂಸತ್ತಿನ ಮುಂದೆ ಬಂತು. ಚೆಂಡು ಬಂದಾಗ ಬಗ್ಗಿ ತಪ್ಪಿಸಿಕೊಳ್ಳುವ ಆಟ ಅದು. ಆಸ್ಟ್ರೇಲಿಯಾದಲ್ಲಿ ಮೆರ್ಕ್ ಹಣದಿಂದ ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ವೈದ್ಯಕೀಯ ಪತ್ರಿಕೆಯಂತೆಯೇ ಕಾಣುವ ಪ್ರಕಟಣೆಯೊಂದನ್ನು ಹೊರತಂದದ್ದು 2009ರಲ್ಲಿ ಬೆಳಕಿಗೆ ಬಂತು. ಹಣ ಯಾರದೆಂದು ಅದರಲ್ಲಿ ಬರೆದೇ ಇರಲಿಲ್ಲ. ವಯೊಕ್ಸ್ ಅನ್ನು 2004ರ ಸೆಪ್ಟೆಂಬರ್ 30ರಂದು ಹಿಂದೆಗೆದುಕೊಂಡರು. ಅದೇ ರೋಫೆಕಾಕ್ಸಿಬ್ ಭಾರತದಲ್ಲೂ ಬೇರೆ ಬೇರೆ ಬ್ರ್ಯಾಂಡುಗಳಲ್ಲಿ ಮಾರಾಟದಲ್ಲಿತ್ತು. ನಮ್ಮಲ್ಲಿ ಅದನ್ನು ನಿಷೇಧಿಸಿದ್ದು 2004ರ ಡಿಸೆಂಬರ್‌ನಲ್ಲಿ.

'ನನಗೆ ಏನೂ ಆಗುವುದಿಲ್ಲ'

ಡಾಕ್ಟರುಗಳನ್ನು ಕೇಳಿದರೆ ಹೆಚ್ಚಿನವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ: ರೆಪ್ ಬರುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ, ನಾನು ಬರೆಯುವುದು ನನ್ನ ಓದಿನಿಂದ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತರಬೇತಿಯಲ್ಲಿದ್ದ ವೈದ್ಯರಿಗೆ ಎರಡು ಪ್ರಶ್ನೆ ಕೇಳಿದರು. ಕಂಪನಿ ಪ್ರಚಾರದಿಂದ ನಿಮ್ಮ ಚೀಟಿ ಬದಲಾಗುತ್ತದಾ? ಇಲ್ಲ ಎಂದವರು ಶೇ. 61. ಬೇರೆ ಡಾಕ್ಟರುಗಳದ್ದು? ಅವರದ್ದೂ ಬದಲಾಗುವುದಿಲ್ಲ ಎಂದವರು ಶೇ. 16 ಮಾತ್ರ. ಅದಕ್ಕೂ ಮೊದಲು, 1982ರಲ್ಲಿ, ಜೆರ್ರಿ ಏವರ್ನ್ ಮತ್ತು ಸಂಗಡಿಗರು ಬಾಸ್ಟನ್ನಿನ 85 ವೈದ್ಯರನ್ನು ಮಾತಾಡಿಸಿದ್ದರು. ತಮ್ಮ ಜ್ಞಾನ ಬರುವುದು ವೈಜ್ಞಾನಿಕ ಲೇಖನಗಳಿಂದ, ಜಾಹೀರಾತಿನ ಪಾಲು ಅತ್ಯಲ್ಪ ಎಂದು ಹೆಚ್ಚಿನವರು ಹೇಳಿದರು. ಆದರೆ ವಿಜ್ಞಾನ ಒಂದು ಹೇಳಿ ಜಾಹೀರಾತು ಇನ್ನೊಂದು ಹೇಳುತ್ತಿದ್ದ ಎರಡು ಬಗೆಯ ಔಷಧಗಳ ಬಗ್ಗೆ ಕೇಳಿದಾಗ, ಬಹಳಷ್ಟು ಮಂದಿಯ ಬಾಯಿಂದ ಬಂದದ್ದು ಜಾಹೀರಾತಿನ ಮಾತು.

ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ದಿನಕ್ಕೆ ಎಂಬತ್ತು ನೂರು ರೋಗಿ ನೋಡುವ ಡಾಕ್ಟರಿಗೆ ಹೊಸ ಅಧ್ಯಯನ ಓದಲು ಸಮಯ ಎಲ್ಲಿದೆ? ಸಣ್ಣ ಊರಿನ ಕ್ಲಿನಿಕ್ಕಿಗೆ ಹೊಸ ಔಷಧದ ಸುದ್ದಿ ತರುವವರು ಹೆಚ್ಚಾಗಿ ರೆಪ್ ಒಬ್ಬರೇ. ಅವರು ತರುವ ಸುದ್ದಿಯಲ್ಲಿ ನಿಜವೂ ಇರುತ್ತದೆ. ಆದರೆ ಯಾರೂ ತಮ್ಮ ಮಾತ್ರೆಗಿಂತ ಹಳೆಯ, ಅಗ್ಗದ ಮಾತ್ರೆಯೇ ಸಾಕು ಅಂತ ಹೇಳಲು ಬ್ಯಾಗ್ ಹೊತ್ತು ಬರುವುದಿಲ್ಲವಲ್ಲ. ಅದನ್ನು ಹೇಳುವವರಿಗೆ ಸಂಬಳ ಕೊಡುವವರು ಇಲ್ಲ.

ಭಾರತದ ಮಾತೇ ಬೇರೆ

ಅಮೆರಿಕದಲ್ಲಿ ರೆಪ್ ಮಾರುವುದು ಹೆಚ್ಚಾಗಿ ಪೇಟೆಂಟ್ ಇರುವ ಹೊಸ ಔಷಧ. ನಮ್ಮಲ್ಲಿ ಹಾಗಲ್ಲ. ಒಂದೇ ಪ್ಯಾರಾಸಿಟಮಾಲ್, ಒಂದೇ ಪ್ಯಾಂಟಪ್ರಜೋಲ್, ಹತ್ತಾರು ಕಂಪನಿ, ಹತ್ತಾರು ಹೆಸರು. ಒಳಗಿನ ಮದ್ದು ಒಂದೇ ಆದಾಗ ಹೇಳಲು ಹೆಚ್ಚೇನು ಉಳಿಯುತ್ತದೆ? ವಾದ ಮುಗಿದ ಕಡೆ ಉಡುಗೊರೆ ಶುರುವಾಗುತ್ತದೆ. ನಮ್ಮ ದೇಶದ ಔಷಧ ಪ್ರಚಾರದಲ್ಲಿ ಗ್ರಾಫಿಗಿಂತ ಗಿಫ್ಟಿನ ಗಲಾಟೆ ಹೆಚ್ಚು ಇರಲು ಇದೇ ಕಾರಣ ಎಂದು ನನಗನ್ನಿಸುತ್ತದೆ.

ಇದು ಸುಪ್ರೀಂ ಕೋರ್ಟ್ ದಾಖಲೆಯಲ್ಲೇ ಉಂಟು. ಜಿಂಕೊವಿಟ್ ತಯಾರಿಸುವ ಅಪೆಕ್ಸ್ ಲ್ಯಾಬೊರೇಟರೀಸ್ ಕಂಪನಿ, ವೈದ್ಯರಿಗೆ ಕೊಟ್ಟ ಉಡುಗೊರೆಗಳನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಿತ್ತು. ಇಂಥ ಉಡುಗೊರೆಗಳು ಏನೇನೆಂದು ತೀರ್ಪಿನಲ್ಲಿ ಬಂದಿದೆ: ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್, ಪ್ರವಾಸ. 2022ರ ಫೆಬ್ರವರಿ 22ರಂದು ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಆ ವಿನಾಯಿತಿ ಸಲ್ಲದು ಎಂದರು. ಕಂಪನಿಯ ವಾದ ಕುತೂಹಲದ್ದು. ಉಡುಗೊರೆ ತೆಗೆದುಕೊಳ್ಳಬಾರದು ಎಂಬ ನಿಯಮ ಇರುವುದು ವೈದ್ಯರಿಗೆ, ಕೊಡಬಾರದು ಎಂದು ಕಂಪನಿಗೆ ಯಾರೂ ಹೇಳಿಲ್ಲವಲ್ಲ! ತೆಗೆದುಕೊಳ್ಳುವುದು ತಪ್ಪಾದರೆ ಕೊಡುವುದೂ ತಪ್ಪೇ ಎಂದು ಕೋರ್ಟ್ ಹೇಳಿತು. ಈ ಖರ್ಚು ಕೊನೆಗೆ ಔಷಧದ ಬೆಲೆಯಲ್ಲೇ ಸೇರಿ ಜನರ ತಲೆ ಮೇಲೆ ಬರುತ್ತದೆ ಎಂದೂ ಹೇಳಿತು.

ವೈದ್ಯರ ಮೇಲಿನ ಆ ನಿಯಮ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು 2002ರ ನೀತಿ ಸಂಹಿತೆಗೆ ತಿದ್ದುಪಡಿ ತಂದು ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಯಾವುದನ್ನೂ ಕಂಪನಿಯಿಂದ ಪಡೆಯುವಂತಿಲ್ಲ ಎಂದಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ಹೊಸ ನಿಯಮ ಪ್ರಕಟಿಸಿತು. ಕಂಪನಿ ಪ್ರಾಯೋಜಿಸಿದ ಸಮ್ಮೇಳನಗಳಿಗೂ ವೈದ್ಯರು ಹೋಗಬಾರದು ಎಂಬುದು ಅದರಲ್ಲಿತ್ತು. ವೈದ್ಯರ ಸಂಘಟನೆಗಳಿಂದ ವಿರೋಧ ಬಂತು, ಮೂರೇ ವಾರದಲ್ಲಿ, ಆಗಸ್ಟ್ 23ರಂದು, ಅದನ್ನು ತಡೆಹಿಡಿದರು. ಹಳೆಯದೇ ಮುಂದುವರಿಯಿತು.

ಕಂಪನಿಗಳ ಕಡೆಗೆ ಇರುವುದು 'ಯುಸಿಪಿಎಂಪಿ' ಎಂಬ ಏಕರೂಪ ಸಂಹಿತೆ. 2015ರಿಂದ ಸ್ವಯಂಪ್ರೇರಿತವಾಗಿ ಇದ್ದದ್ದನ್ನು ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊಸದಾಗಿ ಹೊರಡಿಸಿತು. ಇದರಲ್ಲಿ ಒಳ್ಳೆಯ ಮಾತುಗಳು ಬಹಳ ಇವೆ. 'ಸುರಕ್ಷಿತ' ಎಂಬ ಪದವನ್ನು ವಿವರಣೆ ಇಲ್ಲದೆ ಬಳಸುವಂತಿಲ್ಲ. ಅಡ್ಡ ಪರಿಣಾಮವೇ ಇಲ್ಲ, ಚಟ ಅಂಟುವುದಿಲ್ಲ ಎನ್ನುವಂತಿಲ್ಲ. ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವ ಔಷಧವನ್ನು 'ಹೊಸತು' ಎಂದು ಕರೆಯುವಂತಿಲ್ಲ. ವೈದ್ಯರಿಗೆ ಅಥವಾ ಅವರ ಮನೆಯವರಿಗೆ ಉಡುಗೊರೆ, ವಿದೇಶ ಪ್ರವಾಸ ಇಲ್ಲ. ಸ್ಯಾಂಪಲ್ ಒಬ್ಬ ವೈದ್ಯರಿಗೆ ಒಂದು ಔಷಧದ್ದು ವರ್ಷಕ್ಕೆ 12 ಪೊಟ್ಟಣ, ಒಂದು ಪೊಟ್ಟಣದಲ್ಲಿ ಮೂವರು ರೋಗಿಗಳಿಗೆ ಆಗುವಷ್ಟು ಮಾತ್ರ. ಒಳಗೆ ಹೋಗಲು ರೆಪ್ ದುಡ್ಡು ಕೊಡುವಂತಿಲ್ಲ.

ಆದರೆ ತಪ್ಪು ಮಾಡಿದರೆ? ದೂರು ಹೋಗುವುದು ಕಂಪನಿಗಳದ್ದೇ ಸಂಘದ ನೀತಿ ಸಮಿತಿಗೆ. ಅದು ಛೀಮಾರಿ ಹಾಕಬಹುದು, ತಿದ್ದುಪಡಿ ಹೇಳಿಕೆ ಹೊರಡಿಸಲು ಹೇಳಬಹುದು, ಸಂಘದಿಂದ ಹೊರಹಾಕಬಹುದು. ಮೇಲ್ಮನವಿ ಇಲಾಖೆಯ ಕಾರ್ಯದರ್ಶಿ ಮುಖ್ಯಸ್ಥರಾಗಿರುವ ಸಮಿತಿಗೆ. ಕಾಯ್ದೆಯ ಬಲ ಈ ಸಂಹಿತೆಗೆ ಇಲ್ಲ. ಇದಕ್ಕೆ ಕಾನೂನಿನ ಬಲ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತುಂಟಾ? ರೆಪ್‌ಗಳದ್ದೇ ಸಂಘಟನೆ, ಅಖಿಲ ಭಾರತ ಮಟ್ಟದ ಎಫ್‌ಎಂಆರ್‌ಎಐ. ಬ್ಯಾಗ್ ಹೊರುವವರಿಗೇ ಅದರ ಭಾರ ಸಾಕಾಗಿದೆ.

ಅದೇ ಅರ್ಜಿಯ ವಿಚಾರಣೆಯಲ್ಲಿ 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕಂಪನಿಯ ಡೋಲೊ 650 ಮಾತ್ರೆಗಾಗಿ 1,000 ಕೋಟಿ ರೂ. ಉಡುಗೊರೆ ಹಂಚಲಾಗಿದೆ ಎಂಬ ಮಾತು ಬಂದು ದೇಶವಿಡೀ ಸುದ್ದಿಯಾಯಿತು. ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲೂ ಓಡಾಡಿತು. ಕಂಪನಿ ಅದನ್ನು ನಿರಾಕರಿಸಿತು. ಆ ಬ್ರ್ಯಾಂಡಿನ ಮಾರಾಟವೇ ಅಷ್ಟಿಲ್ಲದಿರುವಾಗ ಒಂದು ಮಾತ್ರೆಗೆ ಅಷ್ಟು ಖರ್ಚು ಮಾಡಲು ಹೇಗೆ ಸಾಧ್ಯ ಎಂಬುದು ಅವರ ಉತ್ತರ. ಸಾವಿರ ಕೋಟಿ ಎಂಬ ಅಂಕಿ ಬಂದದ್ದು ಅದಕ್ಕೂ ಮೊದಲು, ಆದಾಯ ತೆರಿಗೆ ದಾಳಿಯ ನಂತರದ ಹೇಳಿಕೆಯಿಂದ. ಅದು ಒಟ್ಟು ಔಷಧ ಸಮೂಹವೊಂದರ ಬಗ್ಗೆ ಆಡಿದ ಮಾತು, ಒಂದು ಮಾತ್ರೆಯ ಬಗ್ಗೆ ಅಲ್ಲ. ಅಂಕಿಯನ್ನು ಕತ್ತರಿಸಿ ಬೇರೆ ಕಡೆ ಅಂಟಿಸುವ ವಿದ್ಯೆ ಕಂಪನಿಗಳಿಗೆ ಮಾತ್ರ ಬರುತ್ತದೆ ಅಂತ ತಿಳಿಯಬಾರದು, ನಾವೂ ಅದನ್ನೇ ಫಾರ್ವರ್ಡ್ ಮಾಡುತ್ತೇವೆ.

ಚೀಟಿ ಹಿಡಿದವರು ಏನು ಮಾಡಬಹುದು?

ಡಾಕ್ಟರ ಮೇಲೆ ಸಂಶಯಪಟ್ಟು ಮಾತ್ರೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದರಲ್ಲೂ ಸಕ್ಕರೆ, ಬಿ.ಪಿ., ಅಪಸ್ಮಾರ, ಹೃದಯದ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಬರುತ್ತದೆ. ಮಾತಾಡಬಹುದು, ಕೇಳಬಹುದು. 'ಡಾಕ್ಟ್ರೇ, ಇದೇ ಮದ್ದು ಕಡಿಮೆ ಬೆಲೆಯ ಬೇರೆ ಕಂಪನಿಯದ್ದು ಆಗ್ತದಾ?' ಎಂದು ಕೇಳಿದರೆ ಒಳ್ಳೆಯ ಡಾಕ್ಟರ್ ಯಾರೂ ಸಿಟ್ಟಾಗುವುದಿಲ್ಲ. ಮೂಲ ಔಷಧದ ಹೆಸರನ್ನು ಓದಲು ಬರುವ ಅಕ್ಷರದಲ್ಲಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ಸಂಹಿತೆಯೇ ಹೇಳುತ್ತದೆ. ಆ ಹೆಸರು ಗೊತ್ತಿದ್ದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಬಹುದು. ಎರಡು ಕಡೆ ಡಾಕ್ಟರಿಗೆ ತೋರಿಸುವವರಿಗೆ, ಅಂದರೆ ಕಾಸರಗೋಡಿನಲ್ಲಿ ಒಬ್ಬರು, ಮಂಗಳೂರಿನಲ್ಲಿ ಒಬ್ಬರು ಇರುವವರಿಗೆ, ಇದು ಇನ್ನೂ ಮುಖ್ಯ. ಎರಡು ಚೀಟಿಯಲ್ಲಿ ಎರಡು ಬ್ರ್ಯಾಂಡ್ ಹೆಸರಿದ್ದು ಒಳಗಿನ ಮದ್ದು ಒಂದೇ ಆಗಿದ್ದರೆ ಅದನ್ನು ಡಬಲ್ ನುಂಗುವ ಅಪಾಯವುಂಟು. ಹಳೆಯ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಎರಡೂ ಕಡೆ ತೋರಿಸಿ.

'ಮಾರಾಟಕ್ಕಲ್ಲ' ಎಂದು ಮುದ್ರಿಸಿದ ಸ್ಯಾಂಪಲ್ಲಿಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಅದನ್ನು ಮಾರಿದರೆ ಔಷಧ ನಿಯಂತ್ರಣ ಇಲಾಖೆಗೆ ತಿಳಿಸಬಹುದು. ವೈದ್ಯರ ನಡತೆಯ ಬಗ್ಗೆ ದೂರಿದ್ದರೆ ಅದು ಹೋಗಬೇಕಾದದ್ದು ಆ ವೈದ್ಯರು ನೋಂದಣಿ ಮಾಡಿಸಿಕೊಂಡ ರಾಜ್ಯದ ವೈದ್ಯಕೀಯ ಪರಿಷತ್ತಿಗೆ. ರೋಗಿ ಕಾಸರಗೋಡು ಜಿಲ್ಲೆಯವರಾದರೂ ವೈದ್ಯರು ಕರ್ನಾಟಕದಲ್ಲಿ ನೋಂದಾಯಿತರಾಗಿದ್ದರೆ ದೂರು ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕೇರಳದಲ್ಲಿ ಆಗಿದ್ದರೆ ತಿರುವನಂತಪುರಕ್ಕೆ. ನೋಂದಣಿ ಸಂಖ್ಯೆ ಡಾಕ್ಟರ ಚೀಟಿಯ ಮೇಲೆಯೇ ಇರಬೇಕು, ಹುಡುಕಿದರೆ ಹೆಸರಿನ ಆಸುಪಾಸಿನಲ್ಲಿ ಸಿಗುತ್ತದೆ.